ಜೀವಶಾಸ್ತ್ರವನ್ನು ಬುಡದಿಂದ ಕಲಿಯುವುದು ಹೇಗೆ: ಪರಮಾಣುವಿನ ಬೆನ್ನು ಹತ್ತಿ ಎಂಟು ಹೆಜ್ಜೆ

ಒಂದು ಲೆಕ್ಕದಿಂದ ಶುರು ಮಾಡೋಣ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ದೊಡ್ಡ ಕುಂಡವೊಂದರಲ್ಲಿ ಸುಮಾರು 90 ಕಿಲೋ ಒಣಮಣ್ಣು ತುಂಬಿ, ಎರಡು ಕಿಲೋಗಿಂತ ತುಸು ಜಾಸ್ತಿ ತೂಗುವ ವಿಲ್ಲೋ ಸಸಿಯೊಂದನ್ನು ನೆಟ್ಟರು. ಐದು ವರ್ಷ ಅದಕ್ಕೆ ಹಾಕಿದ್ದು ಬರೀ ನೀರು. ಆಮೇಲೆ ಮರ ಕಿತ್ತು ತೂಗಿದರು. ಸುಮಾರು 77 ಕಿಲೋ ಬಂತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದು 60 ಗ್ರಾಂ ಕೂಡ ಇರಲಿಲ್ಲ.

ಹಾಗಾದರೆ ಆ 75 ಕಿಲೋ ಮರ ಎಲ್ಲಿಂದ ಬಂತು?

ನಿಮ್ಮ ಉತ್ತರವನ್ನು ಈಗಲೇ ಒಂದು ಹಾಳೆಯ ಮೇಲೆ ಬರೆದಿಡಿ. ತಪ್ಪಾದರೂ ಪರವಾಗಿಲ್ಲ. ಎಲ್ಲವೂ ನೀರಿನಿಂದಲೇ ಬಂತು ಎಂದು ಸ್ವತಃ ವಾನ್ ಹೆಲ್ಮಾಂಟ್ ತೀರ್ಮಾನಿಸಿದ್ದರು. ಅದು ಪೂರ್ತಿ ಸರಿಯಲ್ಲ. ನಾಲ್ಕನೇ ಹೆಜ್ಜೆಯಲ್ಲಿ ನಿಮ್ಮ ಹಾಳೆಯನ್ನು ಮತ್ತೆ ತೆಗೆಯೋಣ.

ಜೀವಶಾಸ್ತ್ರವನ್ನು ಮೊದಲ ಸಲ ಓದುವವರಿಗೆ ಅದು ಹೆಸರುಗಳ ರಾಶಿಯಂತೆ ಕಾಣುತ್ತದೆ. ಒಂದು ಅಧ್ಯಾಯದಲ್ಲಿ ಪ್ರೋಟೀನ್, ಇನ್ನೊಂದರಲ್ಲಿ ಕೋಶ, ಕೊನೆಯಲ್ಲೆಲ್ಲೋ ಸಾರಜನಕ ಚಕ್ರ. ನಾನೂ ಹಾಗೇ ಓದಿದವನು. ಸಾರಜನಕ ಚಕ್ರದ ಚಿತ್ರವನ್ನು ಬಾಣಗಳ ಸಮೇತ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆ. ಮರುವಾರ ಒಂದು ಬಾಣವೂ ನೆನಪಿರಲಿಲ್ಲ. ಎಷ್ಟೋ ವರ್ಷಗಳ ನಂತರ ಅಧ್ಯಾಯಗಳನ್ನು ಪಕ್ಕಕ್ಕಿಟ್ಟು ಪರಮಾಣುಗಳ ಹಿಂದೆ ಹೋದಾಗ ಎಲ್ಲ ಕೂಡಿಬಂತು. ಗಾಳಿಯಲ್ಲಿರುವ ಇಂಗಾಲ, ಎಲೆಯಲ್ಲಿರುವ ಇಂಗಾಲ, ನಿಮ್ಮ ಸ್ನಾಯುವಿನಲ್ಲಿರುವ ಇಂಗಾಲ ಎಲ್ಲ ಒಂದೇ. ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದೆ. ಈ ಒಂದು ಮಾತನ್ನು ಹಿಡಿದುಕೊಂಡರೆ ಜೀವಶಾಸ್ತ್ರದ ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ನಂಟು ಕಾಣುತ್ತದೆ.

ಬೇಕಾದ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ನಾಲ್ಕೈದು ಆಲೂಗಡ್ಡೆ, ಉಪ್ಪು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ, ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೂರು ಪ್ರಶ್ನೆ ಬರೆಯಿರಿ. ಇದು ಯಾವುದರಿಂದ ಆಗಿದೆ? ಇದಕ್ಕೆ ಶಕ್ತಿ ಎಲ್ಲಿಂದ ಬಂತು? ಇದರಲ್ಲಿರುವ ಪರಮಾಣುಗಳು ಮುಂದೆ ಎಲ್ಲಿಗೆ ಹೋಗುತ್ತವೆ? ಯಾವ ಹೊಸ ಪದ ಬಂದರೂ ಈ ಮೂರನ್ನು ಕೇಳಿ, ಆಮೇಲೆ ಅದರ ಹೆಸರು ಕಲಿಯಿರಿ.

ಹೆಜ್ಜೆ 1: ಆರು ಪರಮಾಣು ಮತ್ತು ನೀರು

ಇಡೀ ಆವರ್ತ ಕೋಷ್ಟಕ ಬೇಡ. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ರಂಜಕ, ಗಂಧಕ ಈ ಆರು ಸಾಕು. ಮನುಷ್ಯನ ದೇಹದ ತೂಕದಲ್ಲಿ ಸುಮಾರು 65 ಶೇಕಡಾ ಆಮ್ಲಜನಕ, 18 ಶೇಕಡಾ ಇಂಗಾಲ, 10 ಶೇಕಡಾ ಜಲಜನಕ, 3 ಶೇಕಡಾ ಸಾರಜನಕ. ರಂಜಕ ಒಂದು ಶೇಕಡಾದಷ್ಟು, ಗಂಧಕ ಅದಕ್ಕಿಂತ ಕಡಿಮೆ. ಅಷ್ಟು ಕಡಿಮೆ ಇದ್ದರೂ ಅವಿಲ್ಲದೆ ಏನೂ ನಡೆಯುವುದಿಲ್ಲ, ಮುಂದೆ ನೋಡುತ್ತೀರಿ.

ಬೇರೆ ಪರಮಾಣುಗಳನ್ನು ಹಿಡಿಯಲು ಪ್ರತಿ ಪರಮಾಣುವಿಗೆ ಎಷ್ಟು ಕೈಗಳಿವೆ ಎಂದು ಕಲಿಯಿರಿ. ಜಲಜನಕಕ್ಕೆ ಒಂದು, ಆಮ್ಲಜನಕಕ್ಕೆ ಎರಡು, ಸಾರಜನಕಕ್ಕೆ ಮೂರು, ಇಂಗಾಲಕ್ಕೆ ನಾಲ್ಕು. ನಾಲ್ಕು ಕೈ ಇರುವುದರಿಂದಲೇ ಇಂಗಾಲ ಉದ್ದದ ಸರಪಳಿ ಕಟ್ಟುತ್ತದೆ, ಕವಲೊಡೆಯುತ್ತದೆ, ಉಂಗುರವಾಗುತ್ತದೆ. ಜೀವದ ಅಣುಗಳು ಇಂಗಾಲದ ಸುತ್ತ ಬೆಳೆದದ್ದಕ್ಕೆ ಇದೇ ಕಾರಣ. ಜೀವಿಗಳಲ್ಲಿನ ರಾಸಾಯನಿಕಗಳಿಗೆ ಏನೋ ಬೇರೆಯೇ ‘ಜೀವಶಕ್ತಿ’ ಬೇಕು ಎಂಬ ನಂಬಿಕೆ ಬಹಳ ಕಾಲ ಇತ್ತು. 1828ರಲ್ಲಿ ಫ್ರೆಡರಿಕ್ ವೋಲರ್ ಪ್ರಯೋಗಾಲಯದಲ್ಲಿ ಯೂರಿಯಾ ತಯಾರಿಸಿದ ಮೇಲೆ ಅದು ಸಡಿಲವಾಗತೊಡಗಿತು. ಜೀವಿಯೊಳಗೂ ಹೊರಗೂ ರಸಾಯನಶಾಸ್ತ್ರ ಒಂದೇ.

ಇನ್ನು ನೀರು. ಇದಕ್ಕೆ ಒಂದು ಪೂರ್ತಿ ದಿನ ಕೊಡಿ. ನೀರಿನ ಅಣುವಿನಲ್ಲಿ ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗಾಗಿ ಆ ತುದಿ ತುಸು ಋಣ, ಜಲಜನಕದ ತುದಿಗಳು ತುಸು ಧನ. ಒಂದು ಅಣುವಿನ ಧನ ತುದಿ ಪಕ್ಕದ ಅಣುವಿನ ಋಣ ತುದಿಗೆ ಅಂಟುತ್ತದೆ. ಇದು ಜಲಜನಕ ಬಂಧ. ಒಂದೊಂದೂ ದುರ್ಬಲ, ಆದರೆ ಕೋಟ್ಯಂತರ ಸೇರಿದರೆ ಬಲು ಗಟ್ಟಿ. ಎತ್ತರದ ಮರದ ತುದಿಗೆ ನೀರು ಏರುವುದು, ನೀರು ಬೇಗ ಕಾಯದಿರುವುದು, ಉಪ್ಪು ಸಕ್ಕರೆ ಅದರಲ್ಲಿ ಕರಗುವುದು ಎಲ್ಲ ಈ ಅಂಟಿನಿಂದಲೇ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರ. ಹೆಪ್ಪುಗಟ್ಟಿದಾಗ ಅಣುಗಳು ದೂರದೂರ ನಿಂತು ಹಗುರಾಗುತ್ತದೆ. ಅದಕ್ಕೇ ಮಂಜುಗಡ್ಡೆ ತೇಲುತ್ತದೆ, ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಳದ ಮೀನು ಬದುಕುತ್ತದೆ.

ಆಮ್ಲೀಯತೆಯ ಅಳತೆಯಾದ ಪಿಎಚ್ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ನಮ್ಮ ರಕ್ತ 7.35ರಿಂದ 7.45ರ ನಡುವಿನ ಸಣ್ಣ ಸಂದಿಯಲ್ಲೇ ಇರಬೇಕು.

ಹೆಜ್ಜೆ 2: ನಾಲ್ಕು ಬಗೆಯ ದೊಡ್ಡ ಅಣುಗಳು

ಕಾರ್ಬೋಹೈಡ್ರೇಟ್, ಕೊಬ್ಬು, ಪ್ರೋಟೀನ್, ನ್ಯೂಕ್ಲಿಯಿಕ್ ಆಮ್ಲ. ಇವುಗಳಲ್ಲಿ ಕೊಬ್ಬನ್ನು ಬಿಟ್ಟು ಉಳಿದವು ಮಣಿಸರಗಳು. ಸಣ್ಣ ಮಣಿಗಳನ್ನು ಪೋಣಿಸುವಾಗ ಪ್ರತಿ ಜೋಡಣೆಯಲ್ಲೂ ಒಂದು ನೀರಿನ ಅಣು ಹೊರಬೀಳುತ್ತದೆ. ಬಿಡಿಸುವಾಗ ಒಂದು ನೀರಿನ ಅಣು ಒಳಸೇರುತ್ತದೆ. ಜೀರ್ಣಕ್ರಿಯೆ ಎಂದರೆ ಬಹುಪಾಲು ಈ ಬಿಡಿಸುವ ಕೆಲಸವೇ.

ಇಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿ. ಆಲೂಗಡ್ಡೆಯ ಒಂದು ಬಿಲ್ಲೆ ಕತ್ತರಿಸಿ, ಅದರ ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಕಂದು ಹನಿ ನೋಡನೋಡುತ್ತಲೇ ಕಡುನೀಲಿಯಾಗಿ, ಕಪ್ಪಿಗೆ ತಿರುಗುತ್ತದೆ. ಪಿಷ್ಟ ಇದೆ ಎಂದರ್ಥ. ಈಗ ಅದೇ ಹನಿಯನ್ನು ಒಂದು ಚೂರು ಹತ್ತಿಯ ಮೇಲೆ ಬಿಡಿ. ಕಂದಾಗಿಯೇ ಉಳಿಯುತ್ತದೆ. ಹತ್ತಿ ಬಹುತೇಕ ಸೆಲ್ಯುಲೋಸ್. ಪಿಷ್ಟವೂ ಗ್ಲೂಕೋಸ್ ಮಣಿಗಳ ಸರ, ಸೆಲ್ಯುಲೋಸ್ ಕೂಡ ಗ್ಲೂಕೋಸ್ ಮಣಿಗಳ ಸರ. ವ್ಯತ್ಯಾಸ ಇರುವುದು ಮಣಿಗಳನ್ನು ಜೋಡಿಸಿದ ಕೋನದಲ್ಲಿ ಮಾತ್ರ. ಪಿಷ್ಟ ಸುರುಳಿ ಸುತ್ತಿಕೊಳ್ಳುತ್ತದೆ, ಆ ಸುರುಳಿಯೊಳಗೆ ಅಯೋಡಿನ್ ಸಿಕ್ಕಿಕೊಂಡು ನೀಲಿ ಬಣ್ಣ ಬರುತ್ತದೆ. ಸೆಲ್ಯುಲೋಸ್ ನೆಟ್ಟಗೆ ನಿಂತು ಒಂದಕ್ಕೊಂದು ಒತ್ತಿಕೊಂಡು ನಾರಾಗುತ್ತದೆ. ಒಂದನ್ನು ನಾವು ಜೀರ್ಣಿಸಿಕೊಳ್ಳುತ್ತೇವೆ, ಇನ್ನೊಂದು ನಮ್ಮ ಕೈಲಾಗದು. ಅಣುವಿನ ಆಕಾರವೇ ಅದರ ಕೆಲಸವನ್ನು ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ನನಗೆ ಗೊತ್ತಿಲ್ಲ. ಅಯೋಡಿನ್ ಹಾಕಿದ ಬಿಲ್ಲೆಯನ್ನು ಎಸೆದುಬಿಡಿ, ಬಾಯಿಗೆ ಹಾಕಬೇಡಿ.

ಪ್ರೋಟೀನ್‌ಗಳು 20 ಬಗೆಯ ಅಮೈನೋ ಆಮ್ಲಗಳ ಸರ. ಸರ ಮಡಚಿಕೊಂಡು ಒಂದು ಆಕಾರ ಪಡೆದಾಗಲೇ ಕೆಲಸಕ್ಕೆ ಬರುತ್ತದೆ. ಮೊಟ್ಟೆ ಬೇಯಿಸಿದಾಗ ಬಿಳಿಯಾಗಿ ಗಟ್ಟಿಯಾಗುತ್ತದಲ್ವಾ, ಅದು ಮಡಿಕೆ ಬಿಚ್ಚಿಹೋದ ಪ್ರೋಟೀನ್. ಕೊಬ್ಬಿನ ಬಗ್ಗೆ ಮುಂದಿನ ಹೆಜ್ಜೆಯಲ್ಲಿ, ನ್ಯೂಕ್ಲಿಯಿಕ್ ಆಮ್ಲದ ಬಗ್ಗೆ ಐದನೆಯದರಲ್ಲಿ ಹೇಳುತ್ತೇನೆ.

ಹೆಜ್ಜೆ 3: ಕೋಶ ಮತ್ತು ಅದರ ಬೇಲಿ

1665ರಲ್ಲಿ ರಾಬರ್ಟ್ ಹುಕ್ ಮರದ ಬೆಂಡಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಪುಟ್ಟ ಗೂಡುಗಳಿಗೆ ‘ಸೆಲ್’ ಎಂದು ಹೆಸರಿಟ್ಟರು. ಅವರು ನೋಡಿದ್ದು ಸತ್ತ ಕೋಶಗಳ ಖಾಲಿ ಗೋಡೆ. ಎಲ್ಲ ಗಿಡಗಳೂ ಪ್ರಾಣಿಗಳೂ ಕೋಶಗಳಿಂದಲೇ ಆಗಿವೆ ಎಂದು ಶ್ಲೈಡನ್ ಮತ್ತು ಶ್ವಾನ್ ಹೇಳುವ ಹೊತ್ತಿಗೆ 1838–39 ಆಗಿತ್ತು.

ಹೆಚ್ಚಿನವರು ಇಲ್ಲಿ ಕೋಶದ ಭಾಗಗಳ ಪಟ್ಟಿ ಉರು ಹೊಡೆಯುತ್ತಾರೆ. ನೀವು ಪೊರೆಯಿಂದ ಶುರು ಮಾಡಿ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ನೀರಿಗೆ ದೂರವಾಗುವ ಎರಡು ಬಾಲ. ಇಂಥ ಅಣುಗಳನ್ನು ನೀರಿಗೆ ಹಾಕಿದರೆ ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ ಎಂದು ತಾವಾಗಿಯೇ ಎರಡು ಪದರದಲ್ಲಿ ಸಾಲುಗಟ್ಟುತ್ತವೆ. ಯಾರೂ ಕಟ್ಟಬೇಕಿಲ್ಲ. ಒಂದನೇ ಹೆಜ್ಜೆಯ ನೀರಿನ ಅಂಟು ಇಲ್ಲಿ ಬೇಲಿ ಕಟ್ಟಿತು. ಈ ಬೇಲಿಯಲ್ಲಿ ಅಲ್ಲಲ್ಲಿ ಪ್ರೋಟೀನ್ ಬಾಗಿಲುಗಳಿವೆ.

ಬೇಲಿ ಕೆಲಸ ಮಾಡುವುದನ್ನು ಕೈಯಾರೆ ನೋಡಿ. ಹಸಿ ಆಲೂಗಡ್ಡೆಯನ್ನು ಬೆರಳುದ್ದದ ಎರಡು ಕಡ್ಡಿಗಳಾಗಿ, ಒಂದೇ ಅಳತೆಗೆ ಕತ್ತರಿಸಿ. ಉದ್ದವನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ಒಂದನ್ನು ಬರೀ ನೀರಿನ ಲೋಟಕ್ಕೆ, ಇನ್ನೊಂದನ್ನು ಎರಡು ಮೂರು ಚಮಚ ಉಪ್ಪು ಕರಗಿಸಿದ ಲೋಟಕ್ಕೆ ಹಾಕಿ ನಾಲ್ಕೈದು ಗಂಟೆ ಬಿಡಿ. ಆಮೇಲೆ ಎರಡನ್ನೂ ಬಗ್ಗಿಸಿ ನೋಡಿ. ಬರೀ ನೀರಿನದ್ದು ಬಿರುಸಾಗಿದೆ, ಜೋರಾಗಿ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಉಪ್ಪು ನೀರಿನದ್ದು ರಬ್ಬರಿನಂತೆ ಬಾಗುತ್ತದೆ, ಮುರಿಯುವುದೇ ಇಲ್ಲ. ಮತ್ತೆ ಅಳೆದರೆ ತುಸು ಗಿಡ್ಡವೂ ಆಗಿರುತ್ತದೆ. ಪೊರೆ ನೀರನ್ನು ಬಿಟ್ಟಷ್ಟು ಸುಲಭವಾಗಿ ಉಪ್ಪನ್ನು ಬಿಡುವುದಿಲ್ಲ. ಹಾಗಾಗಿ ಕರಗಿದ ವಸ್ತು ಜಾಸ್ತಿ ಇರುವ ಕಡೆಗೆ ನೀರು ಹರಿದುಹೋಯಿತು. ಇದೇ ಅಭಿಸರಣೆ. ಬಾಡಿದ ಗಿಡ ನೀರು ಹಾಕಿದ ಮೇಲೆ ಎದ್ದು ನಿಲ್ಲುವುದಕ್ಕೂ ಇದೇ ಕಾರಣ. ಈ ಪರೀಕ್ಷೆಯನ್ನು ಮರೆಯಬೇಡಿ, ಐದನೇ ಹೆಜ್ಜೆಯಲ್ಲಿ ಒಂದು ಬಟಾಣಿ ಕಾಳು ಅರ್ಥವಾಗಲು ಇದು ಬೇಕು.

ಕೋಶಗಳು ಯಾಕೆ ಅಷ್ಟು ಚಿಕ್ಕವು? ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಮೇಲ್ಮೈ 6, ಗಾತ್ರ 1. ಮೂರು ಸೆಂಟಿಮೀಟರ್ ಘನಕ್ಕೆ ಮೇಲ್ಮೈ 54, ಗಾತ್ರ 27. ಅಂದರೆ ಗಾತ್ರದ ಪ್ರತಿ ಪಾಲಿಗೆ 6 ಇದ್ದ ಮೇಲ್ಮೈ 2ಕ್ಕೆ ಇಳಿಯಿತು. ಒಳಗಿನ ಹೊಟ್ಟೆ ಬೆಳೆದಷ್ಟು ಬಾಗಿಲು ಬೆಳೆಯಲಿಲ್ಲ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ 1ರಿಂದ 10 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ನಮ್ಮ ಮತ್ತು ಗಿಡಗಳ ಕೋಶಗಳು 10ರಿಂದ 100 ಮೈಕ್ರೋಮೀಟರ್. ದೊಡ್ಡ ಕೋಶಗಳಲ್ಲಿ ಒಳಗೂ ಪೊರೆಯ ಕೋಣೆಗಳಿವೆ: ಡಿಎನ್ಎ ಇರುವ ಕೋಶಕೇಂದ್ರ, ಇಂಧನ ಉರಿಸುವ ಮೈಟೋಕಾಂಡ್ರಿಯಾ, ಗಿಡಗಳಲ್ಲಿ ಬೆಳಕು ಹಿಡಿಯುವ ಕ್ಲೋರೋಪ್ಲಾಸ್ಟ್. ಉಳಿದ ಭಾಗಗಳ ಹೆಸರು ಬೇಕಾದಾಗ ಕಲಿತರಾಯಿತು.

ಹೆಜ್ಜೆ 4: ಶಕ್ತಿ, ಮತ್ತು ಆ 75 ಕಿಲೋ

ಹಸಿ ಆಲೂಗಡ್ಡೆಯ ಒಂದು ಚೂರು, ಚೆನ್ನಾಗಿ ಬೇಯಿಸಿ ಆರಿಸಿದ ಒಂದು ಚೂರು. ಎರಡರ ಮೇಲೂ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ. ಹಸಿಯದರ ಮೇಲೆ ಬಿಳಿ ನೊರೆ ಉಕ್ಕುತ್ತದೆ. ಬೆಂದದ್ದು ಸುಮ್ಮನೆ ಕೂತಿರುತ್ತದೆ. ಹಸಿ ಆಲೂಗಡ್ಡೆಯಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿದೆ. ಬೇಯಿಸಿದಾಗ ಆ ಪ್ರೋಟೀನಿನ ಮಡಿಕೆ ಬಿಚ್ಚಿಹೋಯಿತು, ಕೆಲಸ ನಿಂತಿತು. ಕಿಣ್ವ ಇಲ್ಲದಿದ್ದರೂ ಪೆರಾಕ್ಸೈಡ್ ಒಡೆಯುತ್ತದೆ, ಆದರೆ ತುಂಬ ನಿಧಾನ. ಕಿಣ್ವ ಮಾಡುವುದು ದಾರಿಯ ದಿಬ್ಬವನ್ನು ತಗ್ಗಿಸುವ ಕೆಲಸ. ತಾನು ಖರ್ಚಾಗುವುದಿಲ್ಲ.

ಈಗ ವಿಲ್ಲೋ ಮರಕ್ಕೆ ಬನ್ನಿ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಬೇರು ನೀರು ತರುತ್ತದೆ. ಬೆಳಕಿನ ಶಕ್ತಿಯಿಂದ ನೀರಿನ ಅಣು ಒಡೆಯುತ್ತದೆ. ಆಮ್ಲಜನಕ ಹೊರಗೆ ಹೋಗುತ್ತದೆ. ಜಲಜನಕ ಮತ್ತು ಶಕ್ತಿ ಬಳಸಿ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಕಟ್ಟಲಾಗುತ್ತದೆ. 75 ಕಿಲೋದಲ್ಲಿ ಒಂದು ದೊಡ್ಡ ಪಾಲು ಹಸಿಮರದೊಳಗಿನ ನೀರು. ಆದರೆ ಕಟ್ಟಿಗೆಯ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದೆಲ್ಲ ಬಂದದ್ದು ಗಾಳಿಯಿಂದ. ಮಣ್ಣು ಕೊಟ್ಟದ್ದು ಸಾರಜನಕ, ರಂಜಕದಂಥ ಕೆಲವೇ ಗ್ರಾಂ. ನಿಮ್ಮ ಹಾಳೆಯಲ್ಲಿ ಏನು ಬರೆದಿದ್ದಿರಿ? ಹೆಚ್ಚಿನವರು ‘ಮಣ್ಣು’ ಎಂದು ಬರೆಯುತ್ತಾರೆ. ಕಾಣದ ಗಾಳಿಗೆ ತೂಕವಿದೆ ಎಂದು ಮನಸ್ಸು ಬೇಗ ಒಪ್ಪುವುದಿಲ್ಲ.

ಹೊರಬರುವ ಆಮ್ಲಜನಕ ನೀರಿನದ್ದೋ, ಇಂಗಾಲದ ಡೈಆಕ್ಸೈಡಿನದ್ದೋ? 1941ರಲ್ಲಿ ರೂಬೆನ್ ಮತ್ತು ಕಾಮೆನ್ ಇದನ್ನು ಬಗೆಹರಿಸಲು ತುಸು ಭಾರದ ಆಮ್ಲಜನಕ-18 ಇರುವ ನೀರನ್ನು ಕೊಟ್ಟರು. ಭಾರದ ಆಮ್ಲಜನಕ ಅನಿಲವಾಗಿ ಹೊರಬಂತು. ನೀರಿನದ್ದೇ ಎಂದು ಗೊತ್ತಾಯಿತು. ಪರಮಾಣುವಿಗೆ ಗುರುತು ಹಾಕಿ ಹಿಂದೆ ಹೋಗುವುದು ನಾನು ಕಂಡುಹಿಡಿದ ಉಪಾಯವಲ್ಲ, ಈ ಶಾಸ್ತ್ರ ಬೆಳೆದದ್ದೇ ಹಾಗೆ. ಇಂಗಾಲ-14 ಬಳಸಿ ಸಕ್ಕರೆ ಕಟ್ಟುವ ಹಾದಿಯನ್ನು ಬಿಡಿಸಿದ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು.

ಉಸಿರಾಟ ಇದರ ಉಲ್ಟಾ ಲೆಕ್ಕ. ಆರು ಇಂಗಾಲದ ಗ್ಲೂಕೋಸ್ ಮೊದಲು ಕೋಶದ್ರವದಲ್ಲಿ ಎರಡು ತುಂಡಾಗುತ್ತದೆ, ಎರಡು ಎಟಿಪಿ ಉಳಿಯುತ್ತದೆ. ಆಮೇಲೆ ಮೈಟೋಕಾಂಡ್ರಿಯಾದೊಳಗೆ ಇಂಗಾಲಗಳು ಒಂದೊಂದಾಗಿ ಡೈಆಕ್ಸೈಡ್ ಆಗಿ ಕಳಚುತ್ತವೆ. ಒಟ್ಟು ಸುಮಾರು 30 ಎಟಿಪಿ ಸಿಗುತ್ತದೆ. ಎಟಿಪಿ ಎಂದರೆ ಕೋಶದ ಚಿಲ್ಲರೆ ಹಣ, ರಂಜಕ ಇರುವ ಮೂರು ಫಾಸ್ಫೇಟ್‌ಗಳ ಬಾಲವಿರುವ ಅಣು. ಒಂದು ಶೇಕಡಾ ರಂಜಕ ಯಾಕೆ ಬೇಕು ಎಂಬುದಕ್ಕೆ ಇದು ಮೊದಲ ಉತ್ತರ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಬಹಳ ಜನರಲ್ಲಿವೆ. ಗಿಡ ಹಗಲು ಸಕ್ಕರೆ ತಯಾರಿಸುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ ಎನ್ನುತ್ತಾರೆ. ಗಿಡ ಹಗಲು ರಾತ್ರಿ ಎರಡೂ ಹೊತ್ತು ಉಸಿರಾಡುತ್ತದೆ. ಇನ್ನೊಂದು, ಮೈಯ ಕೊಬ್ಬು ಕರಗಿದರೆ ಶಾಖವಾಗಿ ಮಾಯವಾಗುತ್ತದೆ ಎಂಬುದು. ಪರಮಾಣು ಮಾಯವಾಗುವುದಿಲ್ಲ. ಕೊಬ್ಬಿನ ತೂಕದ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ ನಿಮ್ಮ ಮೂಗಿನಿಂದಲೇ ಹೊರಗೆ ಹೋಗುತ್ತದೆ, ಉಳಿದದ್ದು ನೀರಾಗಿ.

ಹೆಜ್ಜೆ 5: ಸುಕ್ಕಾದ ಬಟಾಣಿ

ಎರಡನೇ ಹೆಜ್ಜೆಯಲ್ಲಿ ಬಾಕಿ ಉಳಿಸಿದ್ದ ನ್ಯೂಕ್ಲಿಯಿಕ್ ಆಮ್ಲಕ್ಕೆ ಬಂದೆವು. ಡಿಎನ್ಎ ಅಂಥದ್ದೊಂದು, ಎರಡು ಎಳೆಗಳ ಏಣಿ. ಮೆಟ್ಟಿಲುಗಳಲ್ಲಿ ನಾಲ್ಕು ಅಕ್ಷರ: ಎ ಎದುರು ಟಿ, ಜಿ ಎದುರು ಸಿ. ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಬರೆಯಬಹುದು, ನಕಲು ಮಾಡುವ ಗುಟ್ಟು ಅದೇ. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಈ ರಚನೆ ಹೇಳಿದರು. ಅದಕ್ಕೆ ಒಂದು ವರ್ಷ ಮುಂಚೆ ಹರ್ಷಿ ಮತ್ತು ಚೇಸ್ ಮತ್ತೆ ಪರಮಾಣುವಿನ ಬೆನ್ನು ಹತ್ತಿದ್ದರು. ಡಿಎನ್ಎಯಲ್ಲಿ ರಂಜಕ ಇದೆ, ಗಂಧಕ ಇಲ್ಲ. ಪ್ರೋಟೀನಿನಲ್ಲಿ ಗಂಧಕ ಇದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ವೈರಸ್‌ಗೆ ಎರಡರ ವಿಕಿರಣಶೀಲ ಗುರುತು ಹಾಕಿ ಬ್ಯಾಕ್ಟೀರಿಯಾದ ಮೇಲೆ ಬಿಟ್ಟಾಗ, ಒಳಹೊಕ್ಕದ್ದು ಹೆಚ್ಚಾಗಿ ರಂಜಕ. ವಂಶದ ಸಂದೇಶ ಡಿಎನ್ಎಯಲ್ಲಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿಯಾಯಿತು.

ಡಿಎನ್ಎಯ ಒಂದು ತುಂಡು, ಅಂದರೆ ಒಂದು ಜೀನ್, ಆರ್‌ಎನ್‌ಎಗೆ ನಕಲಾಗುತ್ತದೆ. ಕೋಶದೊಳಗೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದನ್ನು ಮೂರು ಮೂರು ಅಕ್ಷರಗಳಾಗಿ ಓದಿ ಅಮೈನೋ ಆಮ್ಲ ಪೋಣಿಸುತ್ತದೆ. ಒಟ್ಟು 64 ತ್ರಿವಳಿಗಳು. 61 ಅಮೈನೋ ಆಮ್ಲಗಳಿಗೆ, 3 ‘ಇಲ್ಲಿಗೆ ನಿಲ್ಲಿಸು’ ಎನ್ನಲು. ಈ ಸಂಕೇತ ಬಿಡಿಸಿದವರಲ್ಲಿ ಹರಗೋಬಿಂದ್ ಖೊರಾನಾ ಒಬ್ಬರು, ಅವರಿಗೆ 1968ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇಷ್ಟು ಗೊತ್ತಾದ ಮೇಲೆ, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬರುತ್ತವೆ ಎಂದು ಬಟಾಣಿ ಗಿಡಗಳಲ್ಲಿ ಪರೀಕ್ಷಿಸಿದ ಮೆಂಡೆಲ್ ಅವರನ್ನು ಓದಿ. ಗುಂಡು ಬಟಾಣಿ ಮತ್ತು ಸುಕ್ಕು ಬಟಾಣಿ ಗಿಡಗಳನ್ನು ಅವರು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲ ಗುಂಡು. ಅವುಗಳನ್ನೇ ಮತ್ತೆ ಬೆಳೆಸಿದಾಗ 5,474 ಗುಂಡು, 1,850 ಸುಕ್ಕು. ಮೂರಕ್ಕೆ ಒಂದು. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ನೀವು ನಿಲ್ಲಬೇಡಿ. ಸುಕ್ಕು ಯಾಕೆ ಬಂತು ಎಂದು ಕೇಳಿ.

ಪಿಷ್ಟದ ಸರಕ್ಕೆ ಕವಲು ಮೂಡಿಸುವ ಒಂದು ಕಿಣ್ವ ಇದೆ. ಸುಕ್ಕು ಬಟಾಣಿಯಲ್ಲಿ ಆ ಕಿಣ್ವದ ಜೀನ್ ಒಳಗೆ ಸುಮಾರು 800 ಅಕ್ಷರಗಳ ಬೇರೊಂದು ಡಿಎನ್ಎ ತುಂಡು ಬಂದು ತೂರಿಕೊಂಡಿದೆ. ಜೀನ್ ಕೆಟ್ಟಿತು, ಕೆಲಸ ಮಾಡುವ ಕಿಣ್ವ ಬರಲಿಲ್ಲ. ಕವಲಿನ ಪಿಷ್ಟ ಕಡಿಮೆಯಾಗಿ ಸಕ್ಕರೆ ಹಾಗೇ ಉಳಿಯಿತು. ಸಕ್ಕರೆ ಜಾಸ್ತಿಯಾದ ಕಾಳಿನೊಳಗೆ ನೀರು ಜಾಸ್ತಿ ನುಗ್ಗಿತು. ನಿಮ್ಮ ಆಲೂಗಡ್ಡೆ ಕಡ್ಡಿ ನೆನಪಿದೆ ಅಲ್ವಾ? ಅದೇ ಅಭಿಸರಣೆ. ಕಾಳು ಉಬ್ಬಿ ಸಿಪ್ಪೆ ಹಿಗ್ಗಿತು. ಬಲಿತು ಒಣಗುವಾಗ ಅಷ್ಟೂ ನೀರು ಹೋಗಿ, ಹಿಗ್ಗಿದ ಸಿಪ್ಪೆ ಮುದುಡಿತು. ತಾಯಿ ತಂದೆಯರಿಂದ ಒಂದೊಂದಾಗಿ ಬಂದ ಜೋಡಿ ಜೀನ್‌ಗಳಲ್ಲಿ ಒಂದು ಚೆನ್ನಾಗಿದ್ದರೂ ಸಾಕಷ್ಟು ಕಿಣ್ವ ಬರುತ್ತದೆ. ಅದಕ್ಕೇ ಗುಂಡು ಗುಣ ‘ಪ್ರಬಲ’. ಪ್ರಬಲ ಎಂದರೆ ಒಳ್ಳೆಯದು ಎಂದಲ್ಲ, ಬಲವಂತ ಮಾಡುತ್ತದೆ ಎಂದೂ ಅಲ್ಲ.

ಈ ಒಂದು ಕಾಳಿನಲ್ಲಿ ಅಣು, ಕಿಣ್ವ, ಪೊರೆ, ಜೀನ್ ಎಲ್ಲ ಒಟ್ಟಿಗೆ ನಿಂತಿವೆ. ಈ ಸರಪಳಿಯನ್ನು ಪುಸ್ತಕ ನೋಡದೆ ಒಬ್ಬರಿಗೆ ಬಾಯಲ್ಲಿ ಹೇಳಿ. ಎಲ್ಲಿ ತಡವರಿಸುತ್ತೀರೋ ಆ ಹೆಜ್ಜೆಗೆ ವಾಪಸ್ ಹೋಗಿ.

ಹೆಜ್ಜೆ 6: ವಿಕಾಸ

ನಕಲು ಮಾಡುವಾಗ ಆಗಾಗ ತಪ್ಪುಗಳಾಗುತ್ತವೆ, ಹಾಗಾಗಿ ಜೀವಿಗಳು ಒಂದೇ ಥರ ಇರುವುದಿಲ್ಲ. ಇರುವ ಪರಿಸರದಲ್ಲಿ ಕೆಲವಕ್ಕೆ ಮರಿಗಳು ಜಾಸ್ತಿ ಉಳಿಯುತ್ತವೆ. ಆ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಡಾರ್ವಿನ್ 1859ರಲ್ಲಿ ಮಂಡಿಸಿದ ನೈಸರ್ಗಿಕ ಆಯ್ಕೆ ಇಷ್ಟೇ. ಜೀವಿ ‘ಬೇಕು’ ಎಂದು ಬದಲಾಗುವುದಿಲ್ಲ. ಆ್ಯಂಟಿಬಯೋಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾ ಪಾಠ ಕಲಿತು ಬದಲಾಗುವುದಿಲ್ಲ. ಮೊದಲೇ ತಡೆಯುವ ಗುಣ ಇದ್ದ ನಾಲ್ಕಾರು ಉಳಿದು, ಉಳಿದವು ಸತ್ತು, ಆ ನಾಲ್ಕಾರರ ಸಂತಾನವೇ ತುಂಬಿಕೊಳ್ಳುತ್ತದೆ.

ಹೆಜ್ಜೆ 7: ಶಕ್ತಿ ಹರಿದುಹೋಗುತ್ತದೆ, ವಸ್ತು ಸುತ್ತುತ್ತದೆ

ಹುಲ್ಲು, ಹುಲ್ಲು ತಿನ್ನುವ ಮಿಡತೆ, ಮಿಡತೆ ತಿನ್ನುವ ಕಪ್ಪೆ, ಕಪ್ಪೆ ತಿನ್ನುವ ಹಾವು. ಒಂದು ಮಟ್ಟದಿಂದ ಮೇಲಿನ ಮಟ್ಟಕ್ಕೆ ಸರಾಸರಿ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ದಾಟುತ್ತದೆ ಎಂಬುದು ಒಂದು ಅಂದಾಜು. ಜಾಗದಿಂದ ಜಾಗಕ್ಕೆ ಇದು ಏರಿಳಿಯುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಉಸಿರಾಟದಲ್ಲಿ ಶಾಖವಾಗಿ ಹೋಗುತ್ತದೆ. ಹೋದ ಶಾಖವನ್ನು ಯಾವ ಎಲೆಯೂ ಮತ್ತೆ ಹಿಡಿಯಲಾರದು. ಅದಕ್ಕೇ ಸೂರ್ಯ ದಿನವೂ ಬೇಕು, ಅದಕ್ಕೇ ಹಾವುಗಳು ಮಿಡತೆಗಳಷ್ಟು ಇರುವುದಿಲ್ಲ. ಪರಮಾಣುಗಳು ಮಾತ್ರ ಬಹುಮಟ್ಟಿಗೆ ಭೂಮಿ ಬಿಟ್ಟು ಹೋಗುವುದಿಲ್ಲ. ನೋಟ್‌ಬುಕ್‌ನಲ್ಲಿ ಶಕ್ತಿಗೆ ಕೆಂಪು ಬಾಣ, ವಸ್ತುವಿಗೆ ನೀಲಿ ಬಾಣ ಬಳಸಿ. ಕೆಂಪು ಬಾಣ ಎಲ್ಲೂ ತಿರುಗಿ ಬರಬಾರದು.

ಹೆಜ್ಜೆ 8: ಚಕ್ರಗಳು

ಇಂಗಾಲದ ಚಕ್ರವನ್ನು ನೀವು ಆಗಲೇ ಅರ್ಧ ಕಲಿತಿದ್ದೀರಿ. ಎಲೆ ಒಳಗೆ ಎಳೆಯುತ್ತದೆ. ಉಸಿರಾಟ, ಕೊಳೆಯುವಿಕೆ, ಬೆಂಕಿ ಹೊರಗೆ ಬಿಡುತ್ತವೆ. ಕೊಳೆಯದೆ ಹೂತುಹೋದದ್ದು ಕೋಟ್ಯಂತರ ವರ್ಷಗಳಲ್ಲಿ ಕಲ್ಲಿದ್ದಲು, ತೈಲ ಆಗಿದೆ. ಸಮುದ್ರವೂ ದೊಡ್ಡ ಉಗ್ರಾಣ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್. ಈಗ 420 ದಾಟಿದೆ. ಆ ಗೆರೆಯನ್ನು ಹುಡುಕಿ ನೋಡಿ, ಗರಗಸದ ಹಲ್ಲಿನಂತೆ ವರ್ಷಕ್ಕೊಮ್ಮೆ ಇಳಿದು ಏರುತ್ತದೆ. ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಎಲೆಗಳು ಎಳೆದುಕೊಂಡಾಗ ಇಳಿತ, ಚಳಿಗಾಲದಲ್ಲಿ ಏರಿಕೆ. ನಾಲ್ಕನೇ ಹೆಜ್ಜೆಯ ಒಂದು ಎಲೆ ಮಾಡಿದ ಕೆಲಸ ಇಡೀ ಭೂಮಿಯ ಗಾಳಿಯಲ್ಲಿ ಕಾಣುತ್ತಿದೆ. ಮೊದಲ ಸಲ ಅದು ಹೊಳೆದಾಗ ನನಗೆ ಮೈ ಜುಮ್ಮೆಂದಿತ್ತು.

ರಂಜಕದ ಚಕ್ರ ನಿಧಾನ. ಅದಕ್ಕೆ ಹೇಳಿಕೊಳ್ಳುವಂಥ ಅನಿಲರೂಪ ಇಲ್ಲ. ಬಂಡೆ ಸವೆದು ಮಣ್ಣಿಗೆ, ಬೇರಿಗೆ, ಪ್ರಾಣಿಗೆ, ಮತ್ತೆ ಮಣ್ಣಿಗೆ, ಕೊನೆಗೆ ನದಿಯ ಮೂಲಕ ಸಮುದ್ರದ ತಳಕ್ಕೆ. ಹೊಲದ ಗೊಬ್ಬರ ತೊಳೆದು ಕೆರೆಗೆ ಬಂದರೆ ಪಾಚಿ ವಿಪರೀತ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನು ಉಸಿರುಗಟ್ಟುತ್ತವೆ.

ಸಾರಜನಕವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಗಾಳಿಯ 78 ಶೇಕಡಾ ಸಾರಜನಕ. ಪ್ರೋಟೀನಿಗೂ ಡಿಎನ್ಎಗೂ ಅದು ಬೇಕೇ ಬೇಕು. ಆದರೂ ಗಿಡ ಅದನ್ನು ಗಾಳಿಯಿಂದ ನೇರ ತೆಗೆದುಕೊಳ್ಳಲಾರದು. ಮೊದಲ ಹೆಜ್ಜೆಯ ಕೈಗಳ ಲೆಕ್ಕ ನೋಡಿ. ಎರಡು ಸಾರಜನಕಗಳು ಮೂರೂ ಕೈಗಳಿಂದ ಒಂದನ್ನೊಂದು ಹಿಡಿದಿವೆ. ಆ ಹಿಡಿತ ಬಿಡಿಸುವುದು ಬಲು ಕಷ್ಟ. ಸಿಡಿಲು ಸ್ವಲ್ಪ ಬಿಡಿಸುತ್ತದೆ. 1909ರಲ್ಲಿ ಫ್ರಿಟ್ಜ್ ಹೇಬರ್ ತೋರಿಸಿ, ಕಾರ್ಲ್ ಬಾಷ್ 1913ರಲ್ಲಿ ಕಾರ್ಖಾನೆಗೆ ತಂದ ವಿಧಾನ 400 ಡಿಗ್ರಿ ಮೀರಿದ ಶಾಖ ಮತ್ತು ಭಾರಿ ಒತ್ತಡದಲ್ಲಿ ಅದನ್ನು ಅಮೋನಿಯಾ ಮಾಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ಮಣ್ಣಿನ ತಂಪಿನಲ್ಲಿ ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಮಾಡುತ್ತವೆ. ಖರ್ಚು ಕಡಿಮೆಯೇನಲ್ಲ, ಒಂದು ಸಾರಜನಕದ ಅಣುವಿಗೆ ಕನಿಷ್ಠ 16 ಎಟಿಪಿ. ಆಮೇಲಿನ ಬಾಣಗಳು ಸುಲಭ. ಬೇರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಗಿಡ ಹೀರುತ್ತದೆ, ಪ್ರಾಣಿ ತಿನ್ನುತ್ತದೆ, ಸತ್ತದ್ದು ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಇನ್ನೊಂದು ಗುಂಪು ನೈಟ್ರೇಟನ್ನು ಮತ್ತೆ ಗಾಳಿಗೆ ಕಳಿಸುತ್ತದೆ.

ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವ ಜಾಗವನ್ನು ಕಣ್ಣಾರೆ ನೋಡಬೇಕಾದರೆ ಹೂ ಬಿಡುವ ಹಂತದ ಹುರುಳಿಯನ್ನೋ ಬೇರೆ ಯಾವುದಾದರೂ ದ್ವಿದಳ ಧಾನ್ಯದ ಗಿಡವನ್ನೋ ಹುಡುಕಿ. ಎಳೆದು ಕೀಳಬೇಡಿ, ಆ ಬ್ಯಾಕ್ಟೀರಿಯಾ ವಾಸಿಸುವ ಬೇರಿನ ಗಂಟುಗಳು ಕಳಚಿ ಮಣ್ಣಲ್ಲೇ ಉಳಿಯುತ್ತವೆ. ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಮೆಲ್ಲಗೆ ತೊಳೆಯಿರಿ. ಬೇರಿನ ಮೇಲೆ ಸಾಸಿವೆಯಷ್ಟು, ಕೆಲವು ಇನ್ನೂ ದಪ್ಪದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇರುತ್ತದೆ, ಕೆಲವೊಮ್ಮೆ ರಕ್ತದ ಕಲೆಯಂತೆ ಕೆಂಪು. ಅದು ನಿಜಕ್ಕೂ ನಮ್ಮ ಹಿಮೋಗ್ಲೋಬಿನ್‌ನ ನಂಟಿನದ್ದೇ. ಲೆಗ್‌ಹಿಮೋಗ್ಲೋಬಿನ್ ಎಂದು ಅದರ ಹೆಸರು. ಆಮ್ಲಜನಕ ತಾಗಿದರೆ ನೈಟ್ರೋಜಿನೇಸ್ ಕೆಡುತ್ತದೆ, ಆದರೆ ಎಟಿಪಿ ಮಾಡಲು ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು. ಆ ಕೆಂಪು ಪ್ರೋಟೀನ್ ಆಮ್ಲಜನಕವನ್ನು ಹಿಡಿದಿಟ್ಟು ಚೂರು ಚೂರೇ ಒಪ್ಪಿಸುತ್ತದೆ. ಗಂಟಿನೊಳಗೆ ಹಸಿರು ಅಥವಾ ಕಂದು ಕಂಡರೆ ಅದರ ಕೆಲಸ ಮುಗಿದಿದೆ. ಬಿಳಿ ಇದ್ದರೆ ಇನ್ನೂ ಎಳೆಯದು, ಇಲ್ಲವೇ ಕೆಲಸ ಮಾಡದ ಗಂಟು. ಗುಲಾಬಿ ಇದ್ದರೆ, ನೀವು ನೋಡುತ್ತಿರುವ ಹೊತ್ತಿಗೂ ಅದರೊಳಗೆ ಗಾಳಿ ಗಿಡವಾಗುತ್ತಿತ್ತು.